ಎಣ್ಣೆ ಸೋಕಬಾರದ ಹೊಟ್ಟೆ

ಟೊರಾಂಟೋ ನಗರದ ಪೂರ್ವಭಾಗದಲ್ಲಿ, ಗ್ರೀನ್‌ವುಡ್ ರಸ್ತೆಯಿಂದ ಕಾಕ್ಸ್‌ವೆಲ್ ರಸ್ತೆಯವರೆಗೆ ಜೆರಾರ್ಡ್ ಬೀದಿಯ ಇಕ್ಕೆಲಗಳಲ್ಲಿ ಹಬ್ಬಿಕೊಂಡಿರುವ ಇಂಡಿಯಾ ಬಜಾರು ಒಂದು ಚಿತ್ರಮಂದಿರದ ಕೂಸು. 1972ರಲ್ಲಿ ಗ್ಯಾನ್ ನಾಜ್ ಎಂಬವರು ಅಲ್ಲಿದ್ದ ಈಸ್ಟ್‌ವುಡ್ ಎಂಬ ಹಳೆಯ ಟಾಕೀಸನ್ನು ಹಿಡಿದು ಹಿಂದೀ ಚಿತ್ರಗಳನ್ನು ತೋರಿಸತೊಡಗಿದರು. ಚಿತ್ರಕ್ಕೆ ಬಂದ ಜನರಿಗೆ ಹಸಿವಾಯಿತು, ಹಸಿವಿಗೆ ತಿಂಡಿಯಂಗಡಿ ಬಂತು, ತಿಂಡಿಯ ಹಿಂದೆ ಬೀಡಾ, ಬೀಡಾದ ಹಿಂದೆ ಸೀರೆ, ಬಳೆ, ಪಾತ್ರೆಗಳ ಅಂಗಡಿಗಳು ಒಂದನ್ನೊಂದು ಕೈಹಿಡಿದುಕೊಂಡು ಬಂದು ನೆಲಸಿದುವು. ಈಚೆಗೆ ವ್ಯಾಪಾರದ ದೊಡ್ಡ ಪಾಲು ಬ್ರ್ಯಾಂಪ್ಟನ್, ಮಿಸಿಸಾಗಾಗಳ ಕಡೆಗೆ ಸರಿದುಹೋಗಿದೆಯಾದರೂ, ಬೇಸಿಗೆಯ ಸಂಜೆಗಳಲ್ಲಿ ಕಾಲುದಾರಿಯ ಮೇಲೆ ಕೆಂಡದಲ್ಲಿ ಸುಡುವ ಮುಸುಕಿನ ಜೋಳದ ವಾಸನೆಗೆ ಊರಿನ ನೆನಪಾಗದ ಭಾರತೀಯನಿಲ್ಲ. ಪಂಜಾಬಿ, ಉರ್ದು, ಗುಜರಾತಿಗಳು ಮೊಳಗುವ ಆ ಬೀದಿಯಲ್ಲಿ ಕನ್ನಡಿಗನು ಅತಿಥಿಯೇ ಸರಿ. ಆದರೆ ಸೀರೆಯಂಗಡಿಯ ಮುಂದೆ ನಿಂತ ಕನ್ನಡತಿಯನ್ನು ಅತಿಥಿಯೆಂದು ಯಾರೂ ಹೇಳಲಾರರು.

ಅಂಥದೊಂದು ಅಂಗಡಿಯಲ್ಲಿಯೇ, ಎರಡು ವರ್ಷಗಳ ಹಿಂದೆ, ನನ್ನ ಸೋದರತ್ತೆಯವರು ಮಡಿಸಿಟ್ಟ ಸೀರೆಯೊಂದನ್ನು ಬಿಡಿಸಿ ಸೆರಗನ್ನು ನೋಡುತ್ತಿದ್ದವರು ಥಟ್ಟನೆ ಅದನ್ನು ಕೈಬಿಟ್ಟು, ಹೊಟ್ಟೆಯ ಬಲಭಾಗವನ್ನು ಅಂಗೈಯಿಂದ ಒತ್ತಿ ಹಿಡಿದು, "ನಡಿಯೋ, ಮನೆಗೆ ಹೋಗೋಣ" ಎಂದರು. ಮುಖ ಬಿಳಿಚಿತ್ತು. ನೋವಿನಿಂದಲ್ಲ, ನಾಚಿಕೆಯಿಂದ ಎಂಬುದು ಕಾರಿನಲ್ಲಿ ಕುಳಿತ ಮೇಲೆ ತಿಳಿಯಿತು. ಆರು ವಾರಗಳ ಹಿಂದೆ ಆದ ಶಸ್ತ್ರಚಿಕಿತ್ಸೆಯ ಅನಂತರ ಹೊಟ್ಟೆಗೆ ಅಂಟಿಸಿಕೊಂಡಿದ್ದ ಚೀಲವು ಒಂದು ಅಂಚಿನಲ್ಲಿ ಬಿಟ್ಟುಕೊಂಡು ಸೋರಿತ್ತು. ಅದಕ್ಕೆ ಕಾರಣವಾದದ್ದು, ನಂಬಿದರೆ ನಂಬಿ, ಕೊಬ್ಬರಿ ಎಣ್ಣೆ.

ಅತ್ತೆಯವರಿಗೆ ಬಹುಕಾಲದಿಂದ ಅಲ್ಸರೇಟಿವ್ ಕೊಲೈಟಿಸ್ ಎಂಬ ವ್ಯಾಧಿ ಇತ್ತು. ದೊಡ್ಡಕರುಳಿನ ಒಳಪದರವು ಉರಿದು, ಹುಣ್ಣಾಗಿ, ರಕ್ತ ಸ್ರವಿಸುವ ವ್ಯಾಧಿ ಅದು. ದಕ್ಷಿಣ ಏಷ್ಯಾದಿಂದ ಪಶ್ಚಿಮದ ದೇಶಗಳಿಗೆ ಬಂದು ನೆಲಸಿದ ಕುಟುಂಬಗಳಲ್ಲಿ ಈ ಬಗೆಯ ಕರುಳುರಿಯೂತವು ತಲೆಯೆತ್ತುವುದನ್ನು ಬ್ರಿಟನ್ನಿನ ಮತ್ತು ಕೆನಡಾದ ವೈದ್ಯರು ಬಹಳ ಹಿಂದೆಯೇ ಗುರುತಿಸಿರುವರು. ಔಷಧಗಳು ಸೋತ ಮೇಲೆ ದೊಡ್ಡಕರುಳನ್ನು ತೆಗೆದುಹಾಕಿ, ಸಣ್ಣಕರುಳಿನ ತುದಿಯನ್ನು ಹೊಟ್ಟೆಯ ಬಲಭಾಗದಲ್ಲಿ ಚರ್ಮದ ಮೂಲಕ ಹೊರತಂದು ಹೊಲಿದರು. ಹೀಗೆ ಮಾಡಿದ ದ್ವಾರಕ್ಕೆ ಇಲಿಯಾಸ್ಟಮಿಯೆಂದೂ, ಹೊರಗೆ ಕಾಣುವ ಕರುಳಿನ ಮೊಗ್ಗಿಗೆ ಸ್ಟೋಮಾ ಎಂದೂ ಹೆಸರು. ಕೆಲವರಲ್ಲಿ ಇದು ಕೆಲವು ತಿಂಗಳ ಏರ್ಪಾಡು, ಒಳಗಿನ ಹೊಲಿಗೆ ಕೂಡಿಕೊಂಡ ಮೇಲೆ ಮತ್ತೆ ಮುಚ್ಚುವರು. ಅತ್ತೆಯವರಲ್ಲಿ ಅದು ಆಜೀವ.

ಸ್ಟೋಮಾವನ್ನು ಮೊದಲ ಸಲ ನೋಡುವವರು ಅದನ್ನು ಗಾಯವೆಂದು ಭಾವಿಸಿ ಹೆದರುತ್ತಾರೆ. ಅದು ಗಾಯವಲ್ಲ. ನಮ್ಮ ತುಟಿಯ ಒಳಭಾಗದಂತೆ ಕೆಂಪಾಗಿ, ತೇವವಾಗಿ, ಮೃದುವಾಗಿರುವ ಅದಕ್ಕೆ ಚರ್ಮಕ್ಕಿರುವಂತೆ ನೋವನ್ನು ಅರಿಯುವ ನರಗಳಿಲ್ಲ. ಒರಸುವಾಗ ಹಲ್ಲುಜ್ಜಿದಾಗ ವಸಡಿನಿಂದ ಬರುವಷ್ಟು ರಕ್ತ ಒಸರಿದರೆ ಗಾಬರಿಪಡತಕ್ಕದ್ದಿಲ್ಲ. ಆ ಕೆಂಪು ಮಾಸಿ ನೇರಳೆಗೋ ಕಪ್ಪಿಗೋ ತಿರುಗಿದರೆ ಮಾತ್ರ ರಕ್ತಸಂಚಾರಕ್ಕೆ ಅಡ್ಡಿ ಬಂದಿದೆಯೆಂದು ತಿಳಿದು ಆ ಕ್ಷಣವೇ ಆಸ್ಪತ್ರೆಗೆ ಧಾವಿಸಬೇಕು. ಹೀಗೆ ಸ್ಟೋಮಾ ತನ್ನಷ್ಟಕ್ಕೆ ತಾನು ಸಾಧು ಪ್ರಾಣಿ. ಕಷ್ಟವೆಲ್ಲ ಅದರ ಸುತ್ತಲಿನ ನಾಲ್ಕಂಗುಲ ಚರ್ಮದ್ದು.

ಏಕೆಂದರೆ, ಸಣ್ಣಕರುಳಿನಿಂದ ಹೊರಬೀಳುವ ದ್ರವವು ನಾವು ಸಾಮಾನ್ಯವಾಗಿ ಮಲವೆಂದು ಕರೆಯುವ ವಸ್ತುವಲ್ಲ. ಜೀರ್ಣಕ್ರಿಯೆ ಇನ್ನೂ ನಡೆಯುತ್ತಿರುವಾಗಲೇ ಅರ್ಧದಾರಿಯಲ್ಲಿ ಇಳಿದುಬಿಟ್ಟ ಅನ್ನರಸ ಅದು. ಪ್ರೋಟೀನನ್ನು ಕರಗಿಸುವ ಮೇದೋಜೀರಕಾಂಗದ ಕಿಣ್ವಗಳೂ, ಕೊಬ್ಬನ್ನು ಒಡೆಯುವ ಪಿತ್ತಲವಣಗಳೂ ಅದರಲ್ಲಿ ಜೀವಂತವಾಗಿವೆ. ತಿಂದ ಬೇಳೆಯ ಪ್ರೋಟೀನು ಯಾವುದು, ತಿಂದವನ ಚರ್ಮದ ಪ್ರೋಟೀನು ಯಾವುದು ಎಂಬ ವಿವೇಚನೆ ಕಿಣ್ವಕ್ಕಿಲ್ಲ. ಚರ್ಮವು ತನ್ನ ರಕ್ಷಣೆಗಾಗಿ ತುಸು ಆಮ್ಲೀಯವಾಗಿರುತ್ತದೆ. ಈ ರಸವು ಕ್ಷಾರದ ಕಡೆಗೆ ವಾಲಿದ್ದು. ಎರಡೂ ಸಂಧಿಸಿದ ಕೆಲವು ಗಂಟೆಗಳಲ್ಲಿಯೇ ಚರ್ಮ ಕೆಂಪಾಗಿ, ಮೇಲ್ಪದರ ಕರಗಿ, ಬೆಂದ ಗಾಯದಂತೆ ನೀರಾಡುತ್ತದೆ. ಅತ್ತೆಯವರ ಮಾತಿನಲ್ಲಿ ಹೇಳುವುದಾದರೆ, "ಹೊಟ್ಟೆ ನನ್ನನ್ನೇ ಜೀರ್ಣ ಮಾಡ್ಕೋತಿದೆ."

ಉರಿಯುವ ಚರ್ಮಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದು ನಮ್ಮ ರಕ್ತದಲ್ಲಿಯೇ ಇಳಿದುಬಂದ ವೈದ್ಯ. ಅತ್ತೆಯವರು ಮೂರು ದಿನ ಅದನ್ನೇ ಮಾಡಿದ್ದರು. ಮೂರನೆಯ ದಿನ ಎಣ್ಣೆಗೆ ಚಿಟಿಕೆ ಅರಿಶಿನವೂ ಸೇರಿತ್ತು. ಚೀಲವನ್ನು ಹಿಡಿದಿಟ್ಟುಕೊಳ್ಳುವುದು ಅಂಟು. ಎಣ್ಣೆಯ ಮೇಲೆ ಅಂಟು ನಿಲ್ಲದು. ಅಂಟು ನಿಲ್ಲದೆಡೆ ರಸ ನುಸುಳುತ್ತದೆ. ರಸ ನುಸುಳಿದರೆ ಉರಿ ಇಮ್ಮಡಿಸುತ್ತದೆ. ಉರಿ ಇಮ್ಮಡಿಸಿದರೆ ಮತ್ತಷ್ಟು ಎಣ್ಣೆ. ಈ ಚಕ್ರವು ಸೀರೆಯಂಗಡಿಯಲ್ಲಿ ಒಂದು ಸುತ್ತನ್ನು ಪೂರೈಸಿತ್ತು. ಎಣ್ಣೆಗೆ ಹೇಳಿದ ಮಾತು ಬೇಬಿ ಲೋಷನ್ನಿಗೂ, ಸುವಾಸನೆಯ ಒದ್ದೆ ಟಿಶ್ಯೂಗಳಿಗೂ, ಚರ್ಮವನ್ನು ಮೆತ್ತಗೆ ಮಾಡುವೆನೆಂದು ಹೇಳಿಕೊಳ್ಳುವ ದುಬಾರಿ ಸಾಬೂನುಗಳಿಗೂ ಸಲ್ಲುತ್ತದೆ. ಅಲ್ಲಿ ಬೇಕಾದದ್ದು ಮುಲಾಮಲ್ಲ; ರಸ ಚರ್ಮವನ್ನು ಮುಟ್ಟದಂತೆ ಕಟ್ಟುವ ಒಡ್ಡು.

ಮರುದಿನ 506ನೆಯ ಸಂಖ್ಯೆಯ ಸ್ಟ್ರೀಟ್‌ಕಾರನ್ನು ಹತ್ತಿದೆವು. ಬಜಾರಿನ ನಡುವಿನಿಂದಲೇ ಹಾದುಹೋಗುವ ಆ ವಾಹನವು ಪಶ್ಚಿಮಕ್ಕೆ ಸಾಗಿ, ಸಾಲುಸಾಲಾಗಿ ದೊಡ್ಡ ಆಸ್ಪತ್ರೆಗಳು ನಿಂತಿರುವ ಯೂನಿವರ್ಸಿಟಿ ಅವೆನ್ಯೂವಿನ ಅಡ್ಡರಸ್ತೆಯಲ್ಲಿ ಇಳಿಸುತ್ತದೆ. ಜಿಲೇಬಿಯಿಂದ ಜಠರವೈದ್ಯರವರೆಗೆ ಒಂದೇ ಟಿಕೆಟ್ಟು. ಅಲ್ಲಿ ಸ್ಟೋಮಾದ ಆರೈಕೆಯಲ್ಲಿಯೇ ವಿಶೇಷ ತರಬೇತಿ ಪಡೆದ ದಾದಿಯೊಬ್ಬರು ಅತ್ತೆಯವರ ಚೀಲವನ್ನು ತೆಗೆದು, ಮೊದಲು ನೋಡಿದ್ದು ಹೊಟ್ಟೆಯನ್ನಲ್ಲ, ತೆಗೆದ ಅಂಟುಬಿಲ್ಲೆಯ ಹಿಂಬದಿಯನ್ನು. ಹೊಟ್ಟೆಗೆ ಅಂಟಿಕೊಳ್ಳುವ ಈ ಬಿಲ್ಲೆಗೆ ಅವರು ವೇಫರ್ ಎನ್ನುತ್ತಾರೆ. ಅದರ ಹಿಂಬದಿಯಲ್ಲಿ ಯಾವ ದಿಕ್ಕಿನಲ್ಲಿ ಕರಗಿದ ಗುರುತಿದೆಯೋ ಆ ದಿಕ್ಕಿನಲ್ಲಿ ಸೋರಿಕೆ. ಗಡಿಯಾರದ ಮುಖದಂತೆ ಅದನ್ನು ಓದಿ, "ನಾಲ್ಕು ಗಂಟೆಯ ಕಡೆ" ಎಂದರು. ಆಮೇಲೆ ರಂಧ್ರಗಳಿರುವ ಅಳತೆಯ ಕಾರ್ಡೊಂದನ್ನು ಸ್ಟೋಮಾದ ಮೇಲಿಟ್ಟು ಅಳೆದರು. ಶಸ್ತ್ರಚಿಕಿತ್ಸೆಯಾದ ಹೊಸತರಲ್ಲಿ ಊದಿಕೊಂಡಿರುವ ಸ್ಟೋಮಾ ಆರರಿಂದ ಎಂಟು ವಾರಗಳಲ್ಲಿ ಕುಗ್ಗುತ್ತ ಹೋಗುತ್ತದೆ. ನಾವಾದರೋ ಆಸ್ಪತ್ರೆಯಿಂದ ಬಿಡುಗಡೆಯಾದ ದಿನದ ಕಾಗದದ ಅಚ್ಚನ್ನು ವೇದವಾಕ್ಯವೆಂದು ಭಾವಿಸಿ, ಅದೇ ಅಳತೆಗೆ ಬಿಲ್ಲೆಯನ್ನು ಕತ್ತರಿಸುತ್ತ ಬಂದಿದ್ದೆವು. ಸ್ಟೋಮಾ ಕುಗ್ಗಿತು, ತೂತು ಕುಗ್ಗಲಿಲ್ಲ. ನಡುವೆ ತೆರೆದುಕೊಂಡ ಬಳೆಯಗಲದ ಚರ್ಮ ದಿನವೂ ರಸದಲ್ಲಿ ನೆನೆಯಿತು. ಕತ್ತರಿಸುವ ತೂತು ಸ್ಟೋಮಾಕ್ಕಿಂತ ಎರಡು ಮೂರು ಮಿಲಿಮೀಟರು ಮಾತ್ರ ಅಗಲವಾಗಿರತಕ್ಕದ್ದು. ಮೊದಲ ಎರಡು ತಿಂಗಳು ವಾರಕ್ಕೊಮ್ಮೆಯಾದರೂ ಹೊಸದಾಗಿ ಅಳೆಯತಕ್ಕದ್ದು. ದೋಷವು ಪೂರ್ಣವಾಗಿ ನಮ್ಮ ಮನೆಯದು, ಕತ್ತರಿ ಹಿಡಿದವನು ನಾನೇ.

ಆ ಮೊಗ್ಗು ಚರ್ಮದಿಂದ ಎರಡು ಮೂರು ಸೆಂಟಿಮೀಟರು ಮುಂದಕ್ಕೆ ಚಾಚಿಕೊಂಡಿರುವುದೂ ಆಕಸ್ಮಿಕವಲ್ಲ. ಹಿಂದಿನ ಕಾಲದಲ್ಲಿ ಕರುಳಿನ ತುದಿಯನ್ನು ಹಾಗೆಯೇ ಹೊರಗೆಳೆದು ಬಿಡುತ್ತಿದ್ದರು. ಅದರ ಹೊರಮೈ ರಸಕ್ಕೆ ಸಿಕ್ಕಿ ಉರಿಯೂತಗೊಂಡು, ದಾರಿಯೇ ಕಟ್ಟಿಕೊಂಡು ರೋಗಿಗಳು ನರಳುತ್ತಿದ್ದರು. ಬರ್ಮಿಂಗ್‌ಹ್ಯಾಮಿನ ಬ್ರಯನ್ ಬ್ರೂಕ್ ಎಂಬ ಶಸ್ತ್ರವೈದ್ಯರು 1952ರಲ್ಲಿ ಒಂದು ಸರಳೋಪಾಯವನ್ನು ಪ್ರಕಟಿಸಿದರು: ಜುಬ್ಬದ ತೋಳನ್ನು ಹೊರಮಗ್ಗುಲಾಗಿ ಮಡಚುವಂತೆ ಕರುಳಿನ ತುದಿಯನ್ನು ಹಿಂದಕ್ಕೆ ಮಡಚಿ ಚರ್ಮಕ್ಕೆ ಹೊಲಿದುಬಿಡುವುದು. ಒಳಮೈ ಹೊರಗೆ ಬಂತು, ರಸಕ್ಕೆ ಪಳಗಿದ ಆ ಒಳಮೈಗೆ ರಸ ಏನೂ ಮಾಡಲಿಲ್ಲ. ಜತೆಗೆ ಹೂಜಿಯ ಮೂತಿಯಂತೆ ಅದು ಮುಂದಕ್ಕೆ ಚಾಚಿ, ದ್ರವವನ್ನು ಚರ್ಮಕ್ಕೆ ತಾಗಿಸದೆ ನೇರವಾಗಿ ಚೀಲಕ್ಕೆ ಸುರಿಯತೊಡಗಿತು. ಮೂತಿ ತಗ್ಗಾಗಿದ್ದರೆ, ಅಥವಾ ಒಳಕ್ಕೆ ಕುಸಿದಿದ್ದರೆ, ಹಿಂಬದಿ ಉಬ್ಬಿರುವ ಬಿಲ್ಲೆಯನ್ನು ಬಳಸಿ ಸುತ್ತಲಿನ ಚರ್ಮವನ್ನು ಒತ್ತಿ, ಮೊಗ್ಗನ್ನು ಮುಂದಕ್ಕೆ ತರುವ ಉಪಾಯವುಂಟು.

ದಾದಿಯವರು ಅಂದು ಕಲಿಸಿದ ಕ್ರಮವನ್ನು ಅತ್ತೆಯವರು ಇಂದಿಗೂ ಪೂಜಾವಿಧಾನದಷ್ಟೇ ನಿಷ್ಠೆಯಿಂದ ಪಾಲಿಸುತ್ತಾರೆ. ವಾರಕ್ಕೆರಡು ಸಲ, ಮುಂಜಾನೆ, ಕಾಫಿಗೂ ಮೊದಲು. ಹೊಟ್ಟೆ ಖಾಲಿಯಿರುವಾಗ ಸ್ಟೋಮಾ ಸುಮ್ಮನಿರುತ್ತದೆ, ಕಾಫಿ ಕುಡಿದೊಡನೆ ಎಚ್ಚರಗೊಳ್ಳುತ್ತದೆ. ಆ ಅರ್ಧಗಂಟೆಯ ಕಾಫಿವಿಯೋಗವೇ ಈ ಕಾಯಿಲೆ ತಂದ ಅತ್ಯಂತ ದೊಡ್ಡ ಕಷ್ಟವೆಂಬುದು ಅವರ ದೂರು. ಬಿಲ್ಲೆಯನ್ನು ಕೀಳಬಾರದು: ಒಂದು ಕೈಯಿಂದ ಅದರ ಮೇಲಂಚನ್ನು ಹಿಡಿದು, ಇನ್ನೊಂದು ಕೈಯ ಬೆರಳುಗಳಿಂದ ಚರ್ಮವನ್ನೇ ಬಿಲ್ಲೆಯಿಂದ ಮೆಲ್ಲಗೆ ಒತ್ತಿ ದೂರ ಸರಿಸುತ್ತ, ಮೇಲಿನಿಂದ ಕೆಳಕ್ಕೆ ಬಿಡಿಸಬೇಕು. ಬರಿಯ ಉಗುರುಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ. ಉಜ್ಜದೆ ಒತ್ತಿ ಒರಸುವುದು. ತೇವ ಉಳಿದರೆ ಅಂಟು ಹಿಡಿಯದಾದ್ದರಿಂದ ಅವರು ಹಳೆಯ ಬೀಸಣಿಗೆಯೊಂದರಿಂದ ಗಾಳಿ ಹಾಕಿಕೊಳ್ಳುತ್ತಾರೆ. ಚರ್ಮ ನೀರಾಡುತ್ತಿದ್ದ ಆ ಮೊದಲ ದಿನಗಳಲ್ಲಿ ಮಾತ್ರ ಸ್ಟೋಮಾ ಪುಡಿಯನ್ನು ತೆಳ್ಳಗೆ ಉದುರಿಸಿ, ಹೆಚ್ಚಾದುದನ್ನು ಕೊಡವಿ, ಅದರ ಮೇಲೆ ಚರ್ಮರಕ್ಷಕ ದ್ರವವನ್ನು ಒತ್ತಿ, ಒಣಗಿದ ಮೇಲೆ ಮತ್ತೆ ಪುಡಿ, ಮತ್ತೆ ದ್ರವ, ಹೀಗೆ ರಂಗೋಲಿಯ ಕೆಳಗಿನ ಸಾರಣೆಯಂತೆ ಪದರ ಪದರವಾಗಿ ಕಟ್ಟಬೇಕಾಗಿತ್ತು. ಚರ್ಮ ವಾಸಿಯಾದೊಡನೆ ಪುಡಿ ನಿಲ್ಲಿಸಬೇಕು. ಒಣಚರ್ಮದ ಮೇಲೆ ಅದೂ ಅಂಟಿಗೆ ಶತ್ರು. ಕೊನೆಗೆ ಬಿಲ್ಲೆಯನ್ನು ಅಂಗೈಗಳ ನಡುವೆ ಒಂದೆರಡು ನಿಮಿಷ ಬೆಚ್ಚಗೆ ಮಾಡಿ, ಅಂಟಿಸಿ, ಅದರ ಮೇಲೆ ಅಂಗೈಯಿಟ್ಟು ಸುಮ್ಮನೆ ಕೂರುವುದು. ಮೈಯ ಶಾಖಕ್ಕೆ ಅಂಟು ಹದಗೊಳ್ಳುತ್ತದೆ. ಜನವರಿಯ ಚಳಿಯಲ್ಲಿ ಬಾಗಿಲ ಮುಂದೆ ಬಿಟ್ಟುಹೋದ ಪೆಟ್ಟಿಗೆಯಿಂದ ನೇರವಾಗಿ ತೆಗೆದ ಬಿಲ್ಲೆಯು ಹಪ್ಪಳದಂತೆ ಸೆಟೆದಿರುತ್ತದೆಯೆಂಬುದನ್ನು ಟೊರಾಂಟೋವಾಸಿಗಳಿಗೆ ಬೇರೆಯಾಗಿ ಹೇಳಬೇಕಾಗಿಲ್ಲ. ಚೀಲವನ್ನು ಮೂರನೆಯ ಒಂದು ಭಾಗ, ಹೆಚ್ಚೆಂದರೆ ಅರ್ಧ ತುಂಬುವಷ್ಟರಲ್ಲಿ ಬರಿದುಮಾಡಬೇಕು. ತುಂಬಿದ ಚೀಲದ ಭಾರವೇ ಅಂಟನ್ನು ಕೀಳುತ್ತದೆ. ಇನ್ನು, ಬಿಲ್ಲೆಯ ಅಡಿಯಲ್ಲಿ ತುರಿಕೆಯೋ ಉರಿಯೋ ಕಾಣಿಸಿದರೆ, ಅಂದು ಬದಲಾಯಿಸುವ ದಿನವಲ್ಲವೆಂದು ಲೆಕ್ಕ ಹಾಕುತ್ತ ಕೂರಬಾರದು. ಆಗಲೇ ತೆಗೆದು ನೋಡಬೇಕು.

ಈ ಅಂಟಿನ ಚರಿತ್ರೆಯಲ್ಲಿ ನಮ್ಮ ದೇಶಕ್ಕೂ ಒಂದು ಪಾಲುಂಟು. ಮಧ್ಯಭಾರತ ಮತ್ತು ಆಂಧ್ರದ ಒಣಕಾಡುಗಳಲ್ಲಿ ಬೆಳೆಯುವ ಮರವೊಂದರ ತೊಗಟೆಯಿಂದ ಆದಿವಾಸಿಗಳು ಸಂಗ್ರಹಿಸುವ ಕರಾಯಾ ಎಂಬ ಗೋಂದನ್ನು ಕೃತಕ ದಂತಪಂಕ್ತಿಗಳನ್ನು ಅಂಟಿಸುವ ಪುಡಿಯಾಗಿ ಬಳಸುತ್ತಿದ್ದರು. 1950ರ ದಶಕದಲ್ಲಿ ಅಮೆರಿಕದ ಕ್ಲೀವ್‌ಲೆಂಡ್ ಕ್ಲಿನಿಕ್ಕಿನ ಡಾಕ್ಟರ್ ರೂಪರ್ಟ್ ಟರ್ನ್‌ಬುಲ್ ಅದನ್ನು ಸ್ಟೋಮಾದ ಸುತ್ತಲಿನ ಚರ್ಮದ ರಕ್ಷಣೆಗೆ ಬಳಸಿ ಯಶಸ್ವಿಯಾದರು. ಅವರಲ್ಲಿಯೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಇಲಿಯಾಸ್ಟಮಿಯೊಡನೆ ಬದುಕುತ್ತಿದ್ದ ನೋರ್ಮಾ ಗಿಲ್ ಎಂಬಾಕೆಯನ್ನು ಟರ್ನ್‌ಬುಲ್ 1958ರಲ್ಲಿ ಇತರ ರೋಗಿಗಳಿಗೆ ಕಲಿಸುವುದಕ್ಕಾಗಿ ನೇಮಿಸಿಕೊಂಡರು. ಸ್ಟೋಮಾದಾದಿಯರ ವೃತ್ತಿಪರಂಪರೆ ಆ ಗೃಹಿಣಿಯಿಂದ ಮೊದಲಾಗುತ್ತದೆ. ಡೆನ್ಮಾರ್ಕಿನಲ್ಲಿ ಎಲಿಸ್ ಸೋರೆನ್‌ಸೆನ್ ಎಂಬ ದಾದಿ, ಚೀಲ ಸೋರೀತೆಂಬ ಭಯದಿಂದ ಮನೆಬಿಟ್ಟು ಹೊರಡದಿದ್ದ ತನ್ನ ಸೋದರಿಗಾಗಿ 1954ರಲ್ಲಿ ಅಂಟುಳ್ಳ ಪ್ಲಾಸ್ಟಿಕ್ ಚೀಲವನ್ನು ಕಲ್ಪಿಸಿದರು. ಇಂದಿನ ಬಿಲ್ಲೆಗಳಲ್ಲಿ ಕರಾಯಾದ ಸ್ಥಾನವನ್ನು ಬಹುಮಟ್ಟಿಗೆ ಪೆಕ್ಟಿನ್, ಜೆಲಾಟಿನ್, ಸೆಲ್ಯುಲೋಸುಗಳ ಮಿಶ್ರಣ ಆಕ್ರಮಿಸಿದೆ. ಪೆಕ್ಟಿನ್ ಎಂದರೆ ಹಣ್ಣಿನ ಜಾಮನ್ನು ಗಟ್ಟಿಮಾಡುವ ವಸ್ತುವೇ.

ಸ್ಟೋಮಾ ಎಲ್ಲಿರಬೇಕೆಂಬುದನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಪೆನ್ನಿನಿಂದ ಗುರುತಿಸುವ ಪದ್ಧತಿಯ ಮಹತ್ತ್ವವನ್ನು ನಮ್ಮ ಹೆಂಗಸರು ವಿಶೇಷವಾಗಿ ಅರಿಯಬೇಕು. ನಿಲ್ಲಿಸಿ, ಕೂರಿಸಿ, ಬಗ್ಗಿಸಿ ನೋಡಿ, ಮಡಿಕೆ ಬೀಳದ, ಹಳೆಯ ಗಾಯದ ಕಲೆಯಿಲ್ಲದ, ರೋಗಿಯ ಕಣ್ಣಿಗೆ ಎಟುಕುವ ಜಾಗವನ್ನು ದಾದಿಯರು ಆರಿಸುತ್ತಾರೆ. ಆದರೆ ಪ್ಯಾಂಟಿನ ಬೆಲ್ಟು ಎಲ್ಲಿ ಬರುತ್ತದೆಂದು ತಿಳಿದಷ್ಟು ಚೆನ್ನಾಗಿ, ಸೀರೆಯ ಒಳಲಂಗದ ಲಾಡಿಯನ್ನು ಎಲ್ಲಿ ಬಿಗಿಯುತ್ತಾರೆ, ನೆರಿಗೆಯನ್ನು ಎಲ್ಲಿ ಸಿಕ್ಕಿಸುತ್ತಾರೆ ಎಂಬುದು ಪರದೇಶದ ದಾದಿಗೆ ತಿಳಿದಿರಬೇಕಾಗಿಲ್ಲ. ಅತ್ತೆಯವರು ಗುರುತು ಹಾಕಿಸಿಕೊಳ್ಳುವ ದಿನ ಸೀರೆಯಲ್ಲಿಯೇ ಹೋಗಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ತೋರಿಸಿದರಂತೆ. ಕುರ್ಚಿಯಲ್ಲಿ ಕೂತಾಗ ಕಾಣದ ಮಡಿಕೆಯೊಂದು ನೆಲದ ಮೇಲೆ ಕೂತಾಗ ಕಂಡಿತು. ಗುರುತು ಎರಡಂಗುಲ ಸರಿಯಿತು. ಉಡಿದಾರ ಕಟ್ಟುವ ಗಂಡಸರಿಗೂ ಈ ಮಾತು ಸಲ್ಲುವುದು.

ಚರ್ಮದ ಎಲ್ಲ ಕೆಂಪೂ ಸೋರಿಕೆಯಿಂದಲೇ ಅಲ್ಲವೆಂಬುದನ್ನೂ ಹೇಳಿಬಿಡುತ್ತೇನೆ. ಬಿಲ್ಲೆಯ ಆಕಾರದಲ್ಲಿಯೇ, ಗೆರೆ ಕೊರೆದಂತೆ ಕೆಂಪಾದರೆ ಅಂಟು ಒಗ್ಗದೆ ಇರಬಹುದು. ಸೆಖೆಯಲ್ಲಿ ಬೆವರಿ, ಕೆಂಪಿನ ಸುತ್ತ ಚಿಕ್ಕ ಚಿಕ್ಕ ಗುಳ್ಳೆಗಳು ಚೆಲ್ಲಿದಂತೆ ಎದ್ದು ತುರಿಸಿದರೆ ಬೂಷ್ಟಿನ ಸೋಂಕು. ಅದಕ್ಕೆ ವೈದ್ಯರು ಹೇಳಿದ ಪುಡಿ ಬೇಕು. ಕೂದಲ ಬುಡಗಳಲ್ಲಿ ಕೀವುಗುಳ್ಳೆ ಎದ್ದರೆ ಬಿಲ್ಲೆಯೊಡನೆ ಕೂದಲೂ ಕಿತ್ತುಬರುತ್ತಿದೆಯೆಂದು ಅರ್ಥ. ಅಲ್ಲಿ ಕೂದಲನ್ನು ಕಿರಿದಾಗಿ ಕತ್ತರಿಸಿಡಬೇಕು. ನೇರಳೆ ಅಂಚುಳ್ಳ, ಮುಟ್ಟಿದರೆ ಪ್ರಾಣ ಹೋಗುವಂಥ ಹುಣ್ಣೊಂದು ಕಾಣಿಸಿದರೆ, ಅದು ಕರುಳುರಿಯೂತದವರಲ್ಲಿ ಅಪರೂಪಕ್ಕೆ ಬರುವ ಬೇರೆಯೇ ವ್ಯಾಧಿಯಾಗಿರಬಹುದು, ಅದನ್ನು ಮನೆಯಲ್ಲಿ ಕೆದಕತಕ್ಕದ್ದಲ್ಲ.

ಚರ್ಮದಷ್ಟೇ ಎಚ್ಚರ ಬೇಕಾದದ್ದು ನೀರಿನಲ್ಲಿ. ದಿನವೂ ಲೀಟರಿಗೆ ಮೇಲ್ಪಟ್ಟು ನೀರನ್ನೂ, ಅದರೊಡನೆ ಉಪ್ಪನ್ನೂ ಹೀರಿ ದೇಹಕ್ಕೆ ಮರಳಿಸುತ್ತಿದ್ದ ದೊಡ್ಡಕರುಳು ಈಗಿಲ್ಲ. ಹೊಂದಿಕೊಂಡ ಮೇಲೆ ದಿನಕ್ಕೆ 500ರಿಂದ 1000 ಮಿಲಿಲೀಟರಿನಷ್ಟು ಹೊರಬರುವುದು ಸಹಜ. ಒಂದೂವರೆ ಲೀಟರನ್ನು ದಾಟಿದರೆ ವೈದ್ಯರಿಗೆ ಹೇಳಬೇಕು. ಬಾಯಾರಿತೆಂದು ಬರಿಯ ನೀರನ್ನೇ ಚೊಂಬುಗಟ್ಟಲೆ ಕುಡಿದರೆ, ಆ ನೀರು ದೇಹದ ಉಪ್ಪನ್ನು ಇನ್ನಷ್ಟು ಸೆಳೆದುಕೊಂಡು ಚೀಲಕ್ಕಿಳಿಯುತ್ತದೆ. ಉಪ್ಪೂ ಗ್ಲೂಕೋಸೂ ಸಣ್ಣಕರುಳಿನ ಗೋಡೆಯನ್ನು ಜತೆಯಾಗಿ ದಾಟುತ್ತವೆ, ನೀರು ಅವನ್ನು ಹಿಂಬಾಲಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನಬೀಸರು ಕಾಲರಾ ರೋಗಿಗಳಿಗೆ ಕುಡಿಸಿ ಜೀವ ಉಳಿಸಿದ ಆ ಓಆರ್‌ಎಸ್ ದ್ರಾವಣವೇ ಇಲ್ಲಿಯೂ ಆಪದ್ಬಂಧು. ಉಪ್ಪು ಹಾಕಿದ ಅಕ್ಕಿ ಗಂಜಿಯೂ, ಉಪ್ಪು ಬೆರೆಸಿದ ಮಜ್ಜಿಗೆಯೂ ಅತ್ತೆಯವರ ನಿತ್ಯದ ಸೇವೆ. ಸಬ್ಬಕ್ಕಿ, ಬಾಳೆಹಣ್ಣು, ಕಿವುಚಿದ ಆಲೂಗಡ್ಡೆಗಳು ಹೊರಬರುವುದನ್ನು ಗಟ್ಟಿಗೊಳಿಸುತ್ತವೆ. ಬೀಟ್‌ರೂಟು ತಿಂದ ಮರುದಿನ ಚೀಲದ ಕೆಂಪನ್ನು ಕಂಡು ರಕ್ತವೆಂದು ಕೂಗಿಕೊಂಡದ್ದೂ ಒಮ್ಮೆ ಆಯಿತು.

ನಮ್ಮ ಅಡುಗೆಯಲ್ಲಿ ನಿಜವಾದ ಅಪಾಯ ಖಾರದ್ದಲ್ಲ, ನಾರಿನದು. ತೆಂಗಿನ ತುರಿ, ಶೇಂಗಾ, ಅಣಬೆ, ನುಗ್ಗೆಯ ಸಿಪ್ಪೆ, ಕಿತ್ತಳೆಯ ಬಿಳಿ ನಾರು, ಬೀಡಾದೊಳಗಿನ ಅಡಿಕೆ, ಇವೆಲ್ಲ ಚೆನ್ನಾಗಿ ಅಗಿಯದೆ ನುಂಗಿದರೆ ಕಿರಿದಾದ ಆ ದಾರಿಯಲ್ಲಿ ಗಂಟುಕಟ್ಟಿ ನಿಲ್ಲಬಲ್ಲವು. ಮೊದಲ ಆರೆಂಟು ವಾರ ಅವನ್ನು ದೂರವಿಟ್ಟು, ಆಮೇಲೆ ಒಂದೊಂದಾಗಿ, ಸ್ವಲ್ಪ ಸ್ವಲ್ಪವಾಗಿ ಪರೀಕ್ಷಿಸಬೇಕು. ನಾಲ್ಕಾರು ಗಂಟೆ ಏನೂ ಹೊರಬರದೆ, ಹೊಟ್ಟೆ ನುಲಿದು, ವಾಂತಿಯ ಸೂಚನೆ ಕಂಡರೆ ಭೇದಿಮಾತ್ರೆಯನ್ನು ಮುಟ್ಟದೆ ಆಸ್ಪತ್ರೆಗೆ ಹೋಗಬೇಕು. ನಿಧಾನವಾಗಿ ಕರಗುವಂತೆ ಮಾಡಿದ ಮಾತ್ರೆಗಳು ಕರಗುವ ಮುನ್ನವೇ ಚೀಲ ಸೇರಬಹುದಾದ್ದರಿಂದ, ಔಷಧದಂಗಡಿಯವರಿಗೂ ಇಲಿಯಾಸ್ಟಮಿಯ ವಿಷಯ ತಿಳಿಸುವುದೊಳ್ಳೆಯದು. ಚೀಲಗಳ ಖರ್ಚಿಗಾಗಿ ಒಂಟೇರಿಯೋ ಸರ್ಕಾರವು ವರ್ಷವರ್ಷವೂ ಒಂದು ಅನುದಾನ ಕೊಡುತ್ತದೆ. ದಾದಿಯನ್ನು ಕೇಳಿದರೆ ಅರ್ಜಿಯ ನಮೂನೆ ಸಿಗುತ್ತದೆ.

ಅತ್ತೆಯವರು ಆ ಮೊದಲ ತಿಂಗಳುಗಳಲ್ಲಿ ದೇವರ ದೀಪ ಹಚ್ಚುವುದನ್ನು ನಿಲ್ಲಿಸಿದ್ದರು. ಮೈಲಿಗೆಯನ್ನು ಹೊಟ್ಟೆಗೆ ಕಟ್ಟಿಕೊಂಡು ಮಡಿಯೆಲ್ಲಿಂದ ಬಂತು ಎಂಬುದು ಅವರ ಪ್ರಶ್ನೆ. ನಾನು ಶಾಸ್ತ್ರ ಬಲ್ಲವನಲ್ಲ. ಗರ್ಭಗುಡಿಯಲ್ಲಿ ನಿಂತ ಅರ್ಚಕರ ಹೊಟ್ಟೆಯೊಳಗೂ ಇದೇ ಇದೆ, ಅವರದು ಕಾಣುವುದಿಲ್ಲ ಅಷ್ಟೆ, ಎಂದು ಹೇಳಿದ್ದಕ್ಕೆ ಅವರು ನಕ್ಕರೇ ಹೊರತು ಒಪ್ಪಲಿಲ್ಲ. ಚರ್ಮ ವಾಸಿಯಾಗಿ, ಸೋರಿಕೆ ನಿಂತು, ಒಂದು ದಿನ ಯಾರಿಗೂ ಹೇಳದೆ ಅವರೇ ದೀಪ ಹಚ್ಚಿದರು. ಆ ವರ್ಷದ ದೀಪಾವಳಿಗೆ ಅಭ್ಯಂಜನವೂ ಆಯಿತು: ತಲೆಗೆ ಮಾತ್ರ ಎಣ್ಣೆ, ಅದೂ ಬಚ್ಚಲಲ್ಲಿ ಮುಂದಕ್ಕೆ ಬಾಗಿ, ಒಂದು ಹನಿಯೂ ಹೊಟ್ಟೆಗಿಳಿಯದಂತೆ ಸೊಸೆ ಟವಲು ಹಿಡಿದು ನಿಂತಿದ್ದಳು.

ಮೊನ್ನೆ ಆಗಸ್ಟಿನಲ್ಲಿ ಮತ್ತೆ ಜೆರಾರ್ಡ್ ಬೀದಿಗೆ ಹೋಗಿದ್ದೆವು. ಬಿಟ್ಟುಬಂದಿದ್ದ ಸೀರೆ ಈಗಿರಲಿಲ್ಲ, ಬೇರೊಂದು ಸಿಕ್ಕಿತು. ಹೊರಗೆ ಬಂದರೆ ಕೆಂಡದ ಮೇಲೆ ಜೋಳದ ತೆನೆ ಸಿಡಿಯುತ್ತಿತ್ತು. ಸ್ಟೋಮಾದವರ ನಿಷಿದ್ಧಪಟ್ಟಿಯಲ್ಲಿ ಮುಸುಕಿನ ಜೋಳಕ್ಕೆ ಅಗ್ರಸ್ಥಾನ. ಅತ್ತೆಯವರು ಒಂದು ತೆನೆ ಕೊಂಡು, ಅಂಗಡಿಯವನ ಕೈಯಿಂದ ನಿಂಬೆಹೋಳನ್ನು ತಾವೇ ತೆಗೆದುಕೊಂಡು ಉಪ್ಪುಖಾರದಲ್ಲಿ ಅದ್ದಿ ತೆನೆಯ ಉದ್ದಕ್ಕೂ ಉಜ್ಜಿ, ಮೂಗಿನ ಬಳಿ ಹಿಡಿದು ಒಮ್ಮೆ ದೀರ್ಘವಾಗಿ ಮೂಸಿ, ಮೊಮ್ಮಗನ ಕೈಗೆ ಕೊಟ್ಟರು. ಆಮೇಲೆ ಆ ನಿಂಬೆಹೋಳನ್ನು ಉಪ್ಪುಸಮೇತ ಚೀಪುತ್ತ, ಸೀರೆಯ ಪೊಟ್ಟಣವನ್ನು ಕಂಕುಳಲ್ಲಿ ಇರುಕಿಕೊಂಡು, ಸ್ಟ್ರೀಟ್‌ಕಾರಿನ ನಿಲ್ದಾಣದ ಕಡೆಗೆ ನಮಗಿಂತ ಮುಂದಾಗಿ ನಡೆದರು.